ಐದರ ಎಡಕ್ಕೆ ಬಿಟ್ಟ ಜಾಗ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನ್ನ ಮಾತು ಹಿಂದಿನ ಸಾಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ನಾಲ್ಕನೆಯ ತರಗತಿಗೆ ಸಂಖ್ಯೆಗಳ ಉಕ್ತಲೇಖನ ಕೊಡುತ್ತಿದ್ದೆ. ‘ನೂರ ಇಪ್ಪತ್ತೈದು’ ಎಂದೆ. ಸಂಜೆ ಮಕ್ಕಳ ಪಟ್ಟಿ (ನೋಟ್‌ಬುಕ್) ತಿದ್ದಲು ಕುಳಿತಾಗ ನೋಡಿದರೆ 19 ಮಕ್ಕಳಲ್ಲಿ 11 ಮಂದಿ 152 ಎಂದು ಬರೆದಿದ್ದರು. ಮಳೆಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಇಟ್ಟೆ. ಮರುದಿನ ಮಳೆ ಹೊಳವಾಗಿತ್ತು. ಅದೇ ಸಂಖ್ಯೆಯನ್ನು ಮತ್ತೆ ಹೇಳಿದೆ. ಮತ್ತೆ 152.

ನಾನು ಘಟ್ಟದ ಮೇಲಿನವಳು, ಶಿರಸಿ ಕಡೆಯವಳು. ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ ಕಾರವಾರ ತಾಲ್ಲೂಕಿನ ಕಡಲಂಚಿನ ಸರ್ಕಾರಿ ಶಾಲೆಗೆ ವರ್ಗವಾಗಿ ಬಂದಾಗ ನನಗೆ ಕೊಂಕಣಿಯ ಗಂಧವೂ ಇರಲಿಲ್ಲ. ನಮ್ಮೂರಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಇಲ್ಲಿ ಬಾಯಿ ಎನ್ನುತ್ತಾರೆ. ಆ ಕರೆಗೆ ತಿರುಗಿ ನೋಡುವ ರೂಢಿಯಾಗಲಿಕ್ಕೇ ನನಗೆ ಒಂದು ತಿಂಗಳು ಬೇಕಾಯಿತು. ಮಕ್ಕಳ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕನ್ನಡ ಪಾಠ ಮಾಡುವಾಗ ಈ ವಿಷಯ ನನ್ನ ಗಮನದಲ್ಲಿ ಇರುತ್ತಿತ್ತು. ಗಣಿತಕ್ಕೂ ಇದಕ್ಕೂ ಸಂಬಂಧವಿದೆ ಎಂದು ಮಾತ್ರ ನಾಲ್ಕು ವರ್ಷ ಹೊಳೆಯಲೇ ಇಲ್ಲ. ಆ ನಾಲ್ಕೂ ವರ್ಷ ಪ್ರಗತಿ ಪತ್ರದಲ್ಲಿ ‘ಅಂಕಿಗಳನ್ನು ಅಜಾಗರೂಕತೆಯಿಂದ ಬರೆಯುತ್ತಾನೆ’ ಎಂದು ಬರೆದವಳು ನಾನೇ. ಆ ಸಾಲುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಶಿಕ್ಷಕರ ತರಬೇತಿಗೆ ಡಿ.ಎಡ್. ಓದುವಾಗ ಕ್ರಿಯಾ ಸಂಶೋಧನೆ ಎಂಬ ಪಾಠವಿತ್ತು: ತರಗತಿಯ ಸಮಸ್ಯೆಯೊಂದನ್ನು ಶಿಕ್ಷಕರೇ ಅಧ್ಯಯನ ಮಾಡಿ ಪರಿಹಾರ ಹುಡುಕುವುದು. ಕುರ್ಟ್ ಲೆವಿನ್ 1946ರಲ್ಲಿ ಈ ಪರಿಕಲ್ಪನೆಯ ಬಗ್ಗೆ ಬರೆದರು, ಸ್ಟೀಫನ್ ಕೋರಿ 1950ರ ದಶಕದಲ್ಲಿ ಅದನ್ನು ಶಾಲೆಗಳ ಒಳಗೆ ತಂದರು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಒಂದು ವರದಿಯನ್ನೂ ಒಪ್ಪಿಸಿದ್ದೆ. ಹಿಂದಿನ ವರ್ಷದವರ ವರದಿಯನ್ನು ಮುಂದಿಟ್ಟುಕೊಂಡು ಅದೇ ಶೀರ್ಷಿಕೆಗಳ ಕೆಳಗೆ ಬರೆದದ್ದು: ಸಮಸ್ಯೆಯ ಆಯ್ಕೆ, ಸಂಭಾವ್ಯ ಕಾರಣಗಳು, ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ನಂತರದ ಪರೀಕ್ಷೆ. ಅಂಥ ಹತ್ತಾರು ವರದಿಗಳನ್ನು ಆಮೇಲೂ ನೋಡಿದ್ದೇನೆ. ಸಂಭಾವ್ಯ ಕಾರಣಗಳ ಪಟ್ಟಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಪೋಷಕರ ಅನಕ್ಷರತೆ, ಗೈರುಹಾಜರಿ, ಮಗುವಿನ ನಿರಾಸಕ್ತಿ, ಮನೆಯ ಬಡತನ. ಶಿಕ್ಷಕರು ಬದಲಿಸಬಹುದಾದ ಒಂದೇ ಒಂದು ಕಾರಣವೂ ಅದರಲ್ಲಿ ಇರುವುದಿಲ್ಲ. ಕಾರಣ ಪೂರ್ತಿಯಾಗಿ ಮನೆಯಲ್ಲೇ ಇದ್ದರೆ ತರಗತಿಯಲ್ಲಿ ಮಾಡುವ ಸಂಶೋಧನೆಗೆ ಉಳಿಯುವುದೇನು?

ಈ ಸಲ ವರದಿಯನ್ನು ಯಾರಿಗೂ ಕೊಡಬೇಕಾಗಿರಲಿಲ್ಲ. ಅದು ದೊಡ್ಡ ಅನುಕೂಲವಾಯಿತು. ಇನ್ನೂರು ಪುಟದ ಒಂದು ಪಟ್ಟಿ ತಂದು ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆದೆ: ‘ನನ್ನ ಮಕ್ಕಳು 125 ಅನ್ನು 152 ಎಂದು ಏಕೆ ಬರೆಯುತ್ತಾರೆ?’ ಅದಕ್ಕೂ ಮೊದಲು ‘ಗಣಿತದಲ್ಲಿ ಹಿಂದುಳಿದವರನ್ನು ಮುಂದೆ ತರುವುದು ಹೇಗೆ’ ಎಂದು ಬರೆದು ಹೊಡೆದುಹಾಕಿದ್ದೆ. ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ಶಿಕ್ಷಕಿಯ ಒಂದು ವರ್ಷ ಸಾಲದು. ಒಂದು ತಪ್ಪು, ಒಂದು ತರಗತಿ, ದಿನಕ್ಕೆ ಹದಿನೈದು ನಿಮಿಷ. ನನ್ನ ಕೈಲಾಗುವುದು ಇಷ್ಟೇ ಎಂದು ನಿರ್ಧರಿಸಿಕೊಂಡೆ.

ಆದರೆ ಪ್ರಶ್ನೆ ಬರೆದ ಮರುದಿನವೇ ಕಾರಣ ತಿಳಿಯದೆ ಮದ್ದು ಕೊಡಲು ಹೊರಟೆ. ದಿನವೂ 101ರಿಂದ 200ರವರೆಗೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿದೆ. ಮಕ್ಕಳು ಮರುಮಾತಿಲ್ಲದೆ ಬರೆದರು. ಅವರು ಹೇಗೆ ಬರೆಯುತ್ತಿದ್ದರು ಎಂಬುದನ್ನು ಆಮೇಲೆ ಗಮನಿಸಿದೆ: ಮೊದಲು ನೂರರ ಸ್ಥಾನದ ಒಂದನ್ನು ಮೇಲಿನಿಂದ ಕೆಳಗೆ ಸಾಲಾಗಿ, ಆಮೇಲೆ ಹತ್ತರ ಅಂಕಿ, ಕೊನೆಗೆ ಸೊನ್ನೆಯಿಂದ ಒಂಬತ್ತು. ಬಲೆ ಹೆಣೆಯುವ ಕೈಗಳ ಹಾಗೆ ಮಾದರಿ ಹಿಡಿದು ಚಕಚಕನೆ ಮುಗಿಸುತ್ತಿದ್ದರು. ಆ ಬರವಣಿಗೆಯಲ್ಲಿ ಸಂಖ್ಯೆಯನ್ನು ಕೇಳುವ, ಅರ್ಥ ಮಾಡಿಕೊಳ್ಳುವ ಕೆಲಸವೇ ಇರಲಿಲ್ಲ. ಎರಡು ವಾರದ ಮೇಲೆ ಉಕ್ತಲೇಖನ ಕೊಟ್ಟರೆ 11 ಮಂದಿಯಲ್ಲಿ 10 ಮಂದಿ ಅದೇ ತಪ್ಪು ಮಾಡಿದರು.

ಇದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಗಣಿತದ ಅವಧಿಯಲ್ಲಿ ಕನ್ನಡದಲ್ಲೇ ಮಾತನಾಡಬೇಕು ಎಂಬ ನಿಯಮ ತಂದೆ. ಮೂರೇ ದಿನದಲ್ಲಿ ತರಗತಿ ತಣ್ಣಗಾಯಿತು. ಪಕ್ಕದವನ ಸ್ಲೇಟು ನೋಡಿ ‘ಚೂಕ್’ ಎಂದು ತಿದ್ದುತ್ತಿದ್ದ ಮಕ್ಕಳು ತುಟಿ ಹೊಲಿದುಕೊಂಡವರಂತೆ ಕುಳಿತರು. ಆ ವಾರದ ಪುಟದಲ್ಲಿ ‘ಶಿಸ್ತು ಚೆನ್ನಾಗಿದೆ’ ಎಂದು ಬರೆದುಕೊಂಡಿದ್ದೇನೆ. ಅದರ ಪಕ್ಕದಲ್ಲೇ ತಿಂಗಳ ಬಳಿಕ ಬೇರೆ ಶಾಯಿಯಲ್ಲಿ ಬರೆದ ಇನ್ನೊಂದು ಸಾಲಿದೆ: ‘ಆ ವಾರ ಯಾರೂ ನನ್ನನ್ನು ಏನನ್ನೂ ಕೇಳಿಲ್ಲ.’ ಪಟ್ಟಿಯಲ್ಲಿ ಬರೆದದ್ದನ್ನು ಅಳಿಸಬಾರದು ಎಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡಿದ್ದರಿಂದ ಎರಡೂ ಸಾಲುಗಳು ಉಳಿದಿವೆ.

ತಿರುವು ಸಿಕ್ಕಿದ್ದು ಬಿಸಿಯೂಟದ ಹೊತ್ತಿನಲ್ಲಿ. ಜಗಲಿಯ ಮೇಲೆ ಒಬ್ಬ ಹುಡುಗಿ ಸ್ಲೇಟು ಹಿಡಿದು ಎಷ್ಟು ಮಕ್ಕಳು ಊಟಕ್ಕೆ ಕುಳಿತಿದ್ದಾರೆ ಎಂದು ಲೆಕ್ಕ ಬರೆಯುತ್ತಿದ್ದಳು. ನಾನು ಅವಳ ಹಿಂದೆ ನಿಂತಿದ್ದೆ. ಅವಳು ಮೊದಲು 5 ಬರೆದಳು. ಅದರ ಎಡಕ್ಕೆ ಒಂದು ಅಂಕಿಯಷ್ಟು ಜಾಗ ಬಿಟ್ಟಿದ್ದಳು. ಆಮೇಲೆ ಕೈಯನ್ನು ಹಿಂದಕ್ಕೆ ತಂದು ಆ ಜಾಗದಲ್ಲಿ 2 ಬರೆದಳು. 25. ಉತ್ತರ ಸರಿಯಾಗಿತ್ತು. ನಾನು ವರ್ಷಗಟ್ಟಲೆ ತಿದ್ದಿದ್ದು ಬರೆದು ಮುಗಿದ ಅಂಕಿಗಳನ್ನು. ಬರೆಯುವ ಕೈಯನ್ನು ನೋಡಿದ್ದು ಅದೇ ಮೊದಲು.

‘ಎಷ್ಟು ಪುಟ್ಟಿ?’ ಎಂದು ಕೇಳಿದೆ.

‘ಪಂಚವೀಸ್’ ಎಂದವಳು ನಿಯಮ ನೆನಪಾಗಿ ಹೆದರಿ ‘ಇಪ್ಪತ್ತೈದು, ಬಾಯಿ’ ಎಂದಳು.

ಪಂಚ, ವೀಸ್. ಐದು, ಇಪ್ಪತ್ತು. ಕೊಂಕಣಿ ಬಿಡಿಯನ್ನು ಮೊದಲು ಹೇಳುತ್ತದೆ, ಹತ್ತನ್ನು ಆಮೇಲೆ. 24 ಚೋವೀಸ್, 42 ಬೇಚಾಳೀಸ್. ಕನ್ನಡ ‘ಇಪ್ಪತ್ತು’ ಎಂದು ಹತ್ತುಗಳನ್ನು ಹೇಳಿ ಆಮೇಲೆ ‘ಐದು’ ಎನ್ನುತ್ತದೆ. ಬರೆಯುವ ಕ್ರಮವೂ ಅದೇ. ಕನ್ನಡದ ಕಿವಿಗೆ ಸಂಖ್ಯೆ ಹೇಳುವುದೂ ಬರೆಯುವುದೂ ಒಂದೇ ದಿಕ್ಕಿನ ನಡಿಗೆ. ಕೊಂಕಣಿಯ ಮಗು ನನ್ನ ‘ಇಪ್ಪತ್ತೈದು’ ಕೇಳಿ, ಮನಸ್ಸಿನಲ್ಲಿ ಪಂಚವೀಸ್ ಎಂದು ಮಾಡಿಕೊಂಡು, ಕೇಳಿದ ಕ್ರಮದಲ್ಲಿ ಐದನ್ನು ಮೊದಲು ಬರೆಯುತ್ತದೆ. ಎರಡಂಕಿಯ ಸಂಖ್ಯೆಯಾದರೆ ಎಡಕ್ಕೆ ಜಾಗ ಬಿಟ್ಟು ಪಾರಾಗುತ್ತದೆ. ನೂರು ಬಂದ ಕೂಡಲೇ ಆ ಉಪಾಯ ಕೈಕೊಡುತ್ತದೆ. ‘ಏಕ್‌ಶೆಂ ಪಂಚವೀಸ್’ ಎಂಬಲ್ಲಿ ನೂರು ಮೊದಲು, ನಂತರ ಐದು, ಕೊನೆಗೆ ಇಪ್ಪತ್ತು. 1 ಬರೆದ ಮೇಲೆ ಅದಕ್ಕೆ ತಾಗಿಸಿ 5; ಎರಡಕ್ಕೆ ಉಳಿಯುವ ಜಾಗ ಬಲಕ್ಕೆ ಮಾತ್ರ. ಅದೇ 152. ಎರಡಂಕಿಯ ಸಂಖ್ಯೆಗಳಲ್ಲಿ ಕಾಣದ ತಪ್ಪು ಮೂರಂಕಿಗೆ ಬಂದಾಗ ಒಮ್ಮೆಲೇ ಏಕೆ ಏಳುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿತ್ತು. ಜರ್ಮನ್ ಭಾಷೆಯಲ್ಲೂ ಇಪ್ಪತ್ತೈದನ್ನು ‘ಐದು ಮತ್ತು ಇಪ್ಪತ್ತು’ ಎಂದೇ ಹೇಳುತ್ತಾರೆ, ಅಲ್ಲಿಯ ಮಕ್ಕಳೂ ಅಂಕಿಗಳನ್ನು ಹೀಗೆಯೇ ಅದಲುಬದಲು ಮಾಡುತ್ತಾರೆ ಎಂದು ಆಮೇಲೆ ಓದಿದೆ. ಜಗಲಿಯಲ್ಲಿ ನಿಂತಾಗ ಅದೆಲ್ಲ ಗೊತ್ತಿರಲಿಲ್ಲ. ಅಡುಗೆಯವರಿಗೆ ಲೆಕ್ಕ ಹೇಳಲು ಓಡುತ್ತಿದ್ದ ಆ ಹುಡುಗಿಯನ್ನು ನೋಡುತ್ತ, ನಾನು ಯಾವುದನ್ನು ಅಜಾಗರೂಕತೆ ಎಂದು ಬರೆದಿದ್ದೆನೋ ಅದು ಎಷ್ಟು ಎಚ್ಚರದ ಕೆಲಸ ಎಂದುಕೊಂಡೆ.

ಆದರೂ ಒಬ್ಬ ಹುಡುಗಿಯ ಕೈ ನೋಡಿ ಇಡೀ ತರಗತಿಯ ಬಗ್ಗೆ ತೀರ್ಮಾನಕ್ಕೆ ಬರುವ ಹಾಗಿರಲಿಲ್ಲ. ತಪ್ಪಿನ ಮೂಲ ಎಲ್ಲಿದೆ ಎಂದು ಪತ್ತೆಹಚ್ಚುವ ನೈದಾನಿಕ ಪರೀಕ್ಷೆಯೊಂದನ್ನು ತಯಾರಿಸಿದೆ. ಮೊದಲು ಮಾಡಿದ ಪರೀಕ್ಷೆ ಕೆಲಸಕ್ಕೆ ಬರಲಿಲ್ಲ. ಅದರ 20 ಸಂಖ್ಯೆಗಳಲ್ಲಿ 30, 44, 100, 200, 333 ಇಂಥವೇ ಅರ್ಧದಷ್ಟಿದ್ದವು. 44 ಅನ್ನು ಹಿಂದುಮುಂದಾಗಿ ಬರೆದರೂ 44ನೇ. ಅದರಿಂದ ತಿಳಿಯುವುದು ಏನೂ ಇಲ್ಲ. ಹತ್ತು ಮತ್ತು ಬಿಡಿಯ ಅಂಕಿಗಳು ಬೇರೆಬೇರೆ ಇರುವ, ಸೊನ್ನೆ ಇಲ್ಲದ ಸಂಖ್ಯೆಗಳನ್ನು ಆರಿಸಿ ಹೊಸದಾಗಿ ಮಾಡಿದೆ. ಮಕ್ಕಳನ್ನು ದಿನಕ್ಕೆ ಮೂವರಂತೆ ಮೇಜಿನ ಬಳಿ ಕರೆದು, ಸ್ಲೇಟಿನಲ್ಲಿ ಬರೆಸಿ, ಯಾವ ಅಂಕಿ ಮೊದಲು ಬಂತು ಎಂದು ಗುರುತು ಹಾಕಿಕೊಂಡೆ. ಉಳಿದವರು ಆ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದರು. ವಾರದ ಮೇಲೆ ಒಂದು ದಿನ ಬೇಕಾಯಿತು, ನಡುವೆ ಮಳೆಯ ರಜೆ ಬೇರೆ.

ತರಗತಿಯಲ್ಲಿ ಮೂವರು ಮಕ್ಕಳ ಮನೆಮಾತು ಕನ್ನಡ. ಹಾವೇರಿ, ಗದಗ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಆ ಮೂವರಲ್ಲಿ ಒಬ್ಬರೂ 152 ಬರೆಯಲಿಲ್ಲ. ಇಬ್ಬರು 10025 ಎಂದು ಬರೆದರು! ನೂರು ಕೇಳಿ 100, ಇಪ್ಪತ್ತೈದು ಕೇಳಿ 25, ಎರಡನ್ನೂ ಅಂಟಿಸಿದ್ದರು. ಕೆಂಪು ಶಾಯಿಗೆ ಎರಡೂ ತಪ್ಪೇ. ಆದರೆ ಒಂದರ ಮೂಲ ಸ್ಥಾನಬೆಲೆ ತಿಳಿಯದಿರುವುದು, ಇನ್ನೊಂದರ ಮೂಲ ಭಾಷೆಯ ಕ್ರಮ. ಒಂದೇ ಪರಿಹಾರ ಬೋಧನೆಯಲ್ಲಿ ಇಬ್ಬರನ್ನೂ ಕೂರಿಸಿದ್ದರೆ ಒಬ್ಬರಿಗಂತೂ ಅದು ವ್ಯರ್ಥ. ಈ ಮೂವರು ಇಲ್ಲದಿದ್ದರೆ ನನ್ನ ಊಹೆ ಊಹೆಯಾಗಿಯೇ ಉಳಿಯುತ್ತಿತ್ತು.

ಶಾಲೆಯಲ್ಲಿ ಅಂಕೋಲೆ ಕಡೆಯ ಹಿರಿಯ ಮಾಸ್ತರರೊಬ್ಬರಿದ್ದಾರೆ. ಕೊಂಕಣಿ ಚೆನ್ನಾಗಿ ಬಲ್ಲವರು. ಅವರ ಬಿಡುವಿನ ಅವಧಿಯಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳು ತಮ್ಮೊಳಗೆ ಏನು ಮಾತನಾಡುತ್ತಾರೆ ಎಂದು ಬರೆದುಕೊಡಿ ಎಂದು ಕೇಳಿಕೊಂಡೆ. ಸಹೋದ್ಯೋಗಿಯನ್ನು ತರಗತಿಯ ಒಳಗೆ ಕರೆಯುವುದು ನಮ್ಮಲ್ಲಿ ಸುಲಭವಲ್ಲ, ತಪಾಸಣೆಯಂತೆ ಅನಿಸುತ್ತದೆ. ಮೊದಲ ದಿನ ನನ್ನ ಧ್ವನಿ ನಡುಗುತ್ತಿತ್ತು. ಅವಧಿ ಮುಗಿದ ಮೇಲೆ ಅವರು ಕೊಟ್ಟ ಚೀಟಿಯಲ್ಲಿ ಮಕ್ಕಳ ಮಾತುಗಳಿದ್ದವು, ಕೊನೆಯಲ್ಲಿ ಒಂದು ಸಾಲು ಇತ್ತು: ‘ಪ್ರಶ್ನೆ ಕೇಳಿ ಮೂರು ಎಣಿಸುವುದರೊಳಗೆ ನೀವೇ ಉತ್ತರ ಹೇಳುತ್ತೀರಿ. ಈ ಮಕ್ಕಳಿಗೆ ಎರಡು ಭಾಷೆ ದಾಟಿ ಬರಬೇಕು, ಸ್ವಲ್ಪ ಕಾಯಿರಿ.’ ಅಂದಿನಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಮೊದಮೊದಲು ಆ ಮೌನ ಉಸಿರುಗಟ್ಟಿಸುತ್ತಿತ್ತು. ಎಂಟು, ಒಂಬತ್ತು ಎನ್ನುವಷ್ಟರಲ್ಲಿ ಯಾವತ್ತೂ ಕೈ ಎತ್ತದ ಮಕ್ಕಳ ಕೈ ಮೇಲೇಳುವುದನ್ನು ನೋಡಿದ ಮೇಲೆ ಅಭ್ಯಾಸವಾಯಿತು.

ಎರಡನೆಯ ಸುತ್ತಿಗೆ ಬಂದಾಗ ಮೊದಲು ಮಾಡಿದ್ದು ಕನ್ನಡದ ನಿಯಮವನ್ನು ತೆಗೆದುಹಾಕಿದ್ದು. ಮಕ್ಕಳ ಮುಂದೆಯೇ ಹೇಳಿದೆ: ‘ನನಗೆ ಕೊಂಕಣಿ ಎಣಿಕೆ ಬರುವುದಿಲ್ಲ, ನೀವು ಕಲಿಸಬೇಕು.’ ತರಗತಿ ಮರಳಿ ಉಸಿರಾಡಿತು. ದಿನಕ್ಕೆ ಐದು ಸಂಖ್ಯೆ. ಹಲಗೆಯ ಮೇಲೆ ಸಂಖ್ಯೆಯನ್ನು ಬರೆದು, ಹತ್ತರ ಅಂಕಿಗೆ ಕೆಂಪು ಸುಣ್ಣದ ಕಡ್ಡಿ, ಬಿಡಿಗೆ ನೀಲಿ. ಕನ್ನಡದಲ್ಲಿ ಹೇಳಿದಾಗ ಯಾವ ಬಣ್ಣ ಮೊದಲು ಕೇಳಿಸಿತು, ಕೊಂಕಣಿಯಲ್ಲಿ ಹೇಳಿದಾಗ ಯಾವುದು ಎಂದು ಮಕ್ಕಳೇ ಹೇಳಬೇಕು. ಎರಡು ಭಾಷೆಗಳು ಎರಡು ಕಡೆಯಿಂದ ನಡೆದು ಒಂದೇ ಸಂಖ್ಯೆಗೆ ಬರುತ್ತವೆ ಎಂಬುದು ನಾಲ್ಕನೇ ದಿನಕ್ಕೇ ಅವರಿಗೆ ಸ್ಪಷ್ಟವಾಗಿತ್ತು. ನನಗೆ ನಾಲ್ಕು ವರ್ಷ ಹಿಡಿದಿತ್ತು.

ಆದರೆ ತಿಳಿದಿದ್ದು ಕೈಗೆ ಇಳಿಯಲು ಬೇರೆ ಸಾಧನ ಬೇಕಾಯಿತು. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತು ಕಟ್ಟಿ ಕಟ್ಟು ಮಾಡಿಸಿದೆ. ಕಟ್ಟನ್ನು ಮೊದಲು ಎತ್ತಿದರೂ ಬಿಡಿ ಕಡ್ಡಿಯನ್ನು ಮೊದಲು ಎತ್ತಿದರೂ ಒಟ್ಟು ಒಂದೇ. ನಿಜವಾಗಿ ಕೆಲಸ ಮಾಡಿದ್ದು ಹಳೆಯ ಮದುವೆಯ ಕರೆಯೋಲೆಗಳಿಂದ ಕತ್ತರಿಸಿದ ಚೀಟಿಗಳು. ಮೂರಂಕಿಯಷ್ಟು ಉದ್ದದ ಚೀಟಿಯ ಮೇಲೆ 100, ಎರಡಂಕಿಯಷ್ಟು ಉದ್ದದ ಚೀಟಿಯ ಮೇಲೆ 20, ಒಂದಂಕಿಯ ಚೀಟಿಯ ಮೇಲೆ 5. ಮೂರನ್ನೂ ಬಲಗಡೆಯ ಅಂಚು ಕೂಡುವಂತೆ ಒಂದರ ಮೇಲೊಂದು ಇಟ್ಟರೆ 125 ಕಾಣುತ್ತದೆ. ಮಗು ‘ಪಂಚವೀಸ್’ ಎನ್ನುತ್ತ ಐದರ ಚೀಟಿಯನ್ನೇ ಮೊದಲು ಕೈಗೆತ್ತಿಕೊಳ್ಳಲಿ, ತೊಂದರೆಯಿಲ್ಲ. ಇಪ್ಪತ್ತರ ಚೀಟಿ ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಎರಡು ಹತ್ತರ ಸ್ಥಾನದಿಂದ ಜಾರುವ ಹಾಗೇ ಇಲ್ಲ. 10025 ಬರೆಯುತ್ತಿದ್ದ ಇಬ್ಬರಿಗೂ ಇದೇ ಚೀಟಿ ಉತ್ತರವಾಯಿತು: ನೂರರ ಸೊನ್ನೆಗಳು ಎಲ್ಲಿಗೂ ಹೋಗಿಲ್ಲ, ಇಪ್ಪತ್ತೈದರ ಅಡಿಯಲ್ಲಿ ಅಡಗಿವೆ ಎಂದು ಚೀಟಿ ಎತ್ತಿ ನೋಡಿ ಖುಷಿಪಟ್ಟರು. ಇಂಥ ಚೀಟಿಗಳು ಹೊಸ ಆವಿಷ್ಕಾರವೇನಲ್ಲ, ಎಷ್ಟೋ ಶಾಲೆಗಳಲ್ಲಿ ಇವೆ. ನಮ್ಮ ಶಾಲೆಯಲ್ಲಿ ಅವು ಯಾವ ಪ್ರಶ್ನೆಗೆ ಉತ್ತರ ಎಂದು ನನಗೆ ಮೊದಲು ಗೊತ್ತಿರಲಿಲ್ಲ, ಅಷ್ಟೇ.

29ರ ಕಥೆ ಬೇರೆಯೇ. ನಾಲ್ವರು ಅದನ್ನು 39 ಎಂದು ಬರೆಯುತ್ತಿದ್ದರು. ಚೀಟಿಗಳಿಂದಲೂ ಅದು ಸರಿಹೋಗಲಿಲ್ಲ. ಕೊಂಕಣಿಯಲ್ಲಿ 29 ಎಂದರೆ ಏಕುಣ್‌ತೀಸ್, ಮೂವತ್ತಕ್ಕೆ ಒಂದು ಕಡಿಮೆ. ಮಗುವಿನ ಕಿವಿಗೆ ಬೀಳುವುದು ತೀಸ್, ಮೂವತ್ತು, ಆದ್ದರಿಂದ ಮೂರು. ಮಾಸ್ತರರು ಇದನ್ನು ವಿವರಿಸಿದಾಗ ನನ್ನ ಗಮನ ನಮ್ಮ ಕನ್ನಡದ ‘ಒಂಬತ್ತು’ ಪದದ ಕಡೆಗೆ ಹೋಯಿತು. ಅದರೊಳಗೂ ಒಂದು ಹತ್ತು ಅಡಗಿದೆಯಲ್ಲವೇ? ಈ ತಪ್ಪನ್ನು ತಿದ್ದುವ ಬದಲು ಬಳಸಿಕೊಂಡೆವು. 29ಕ್ಕೆ 29 ಕೂಡಿಸಿ ಎಂದೆ. ಕನ್ನಡದ ಕ್ರಮ ಕಲಿತವರು ಬೆರಳು ಮಡಿಸುತ್ತ ದಶಕ ಹಿಡಿಯುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ, ಎಲ್ಲ ಪರೀಕ್ಷೆಗಳಲ್ಲೂ ಕೊನೆಯಲ್ಲಿ ಇರುತ್ತಿದ್ದವನು, ಥಟ್ಟನೆ 58 ಎಂದ. ಹೇಗೆ ಎಂದು ಕೇಳಿದರೆ, ‘ತೀಸ್, ತೀಸ್, ಸಾಠ್, ಎರಡು ಕಮ್ಮಿ’ ಎಂದ. ಅವನ ಮಾತೃಭಾಷೆ ಆ ದಾರಿಯನ್ನು ಅವನಿಗೆ ಮೊದಲೇ ಕೊಟ್ಟಿತ್ತು. ಅವನ ವಿಧಾನವನ್ನು ಹಲಗೆಯ ಮೇಲೆ ಬರೆದು ಅದಕ್ಕೆ ಅವನ ಹೆಸರನ್ನೇ ಇಟ್ಟೆವು. ಈಗಲೂ ತರಗತಿಯಲ್ಲಿ ಆ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಪೋಷಕರಿಗೆ ತಿಳಿಸದೆ ಮಕ್ಕಳ ಬಗ್ಗೆ ಹೀಗೆಲ್ಲ ಬರೆದುಕೊಳ್ಳುವುದು ಸರಿಯಲ್ಲ ಎನಿಸಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಮನೆಗಳಲ್ಲಿ ಗಂಡಸರೂ ಸಿಗುತ್ತಾರೆ. ಜುಲೈ ಮುಗಿಯುವುದರೊಳಗೆ ಹೆಚ್ಚಿನ ಮನೆಗಳಿಗೆ ಹೋಗಿಬಂದೆ. ಪಟ್ಟಿಯಲ್ಲಿ ಮಕ್ಕಳ ಹೆಸರಿಲ್ಲ, ಗುರುತಿನ ಅಕ್ಷರ ಮಾತ್ರ ಇದೆ ಎಂದು ತೋರಿಸಿದೆ. ಮೀನು ಮಾರುವ ತಾಯಿಯೊಬ್ಬರ ಮನೆಗೆ ಎರಡನೆಯ ಸುತ್ತು ನಡೆದಿದ್ದಾಗ ಮತ್ತೊಮ್ಮೆ ಹೋಗಿದ್ದೆ. ಅವರು, ‘ಬಾಯಿ, ಮನೆಯಲ್ಲಿ ನಾವು ಕನ್ನಡ ಮಾತನಾಡಬೇಕಿತ್ತೇನೋ, ನಮ್ಮಿಂದಲೇ ಅವನಿಗೆ ತೊಂದರೆಯಾಯಿತು’ ಎಂದರು. ನನಗೆ ಎದೆ ಹಿಂಡಿದಂತಾಯಿತು. ಇಲ್ಲ, ನೀವು ಮಾತನಾಡುವ ಹಾಗೆಯೇ ಮಾತನಾಡಿ, ಸಂತೆಯಿಂದ ಬಂದ ಮೇಲೆ ದಿನದ ಲೆಕ್ಕವನ್ನು ಅವನಿಂದಲೇ ಮಾಡಿಸಿ ಎಂದು ಬೇಡಿಕೊಂಡೆ. ಅವರ ಮಗ ಬಂಗಡೆಯ ಪಾಲು, ಚಿಲ್ಲರೆ ಎಲ್ಲವನ್ನೂ ಬಾಯಿಯಲ್ಲೇ ಲೆಕ್ಕ ಮಾಡುವವನು. ಶಾಲೆಯ ಪಟ್ಟಿಯಲ್ಲಿ ಮಾತ್ರ ಅವನು ಹಿಂದುಳಿದವನಾಗಿದ್ದ.

ಅಕ್ಟೋಬರ್ ರಜೆ ಮುಗಿದ ಮೇಲೆ ಅದೇ ನೈದಾನಿಕ ಪರೀಕ್ಷೆಯ ಮಾದರಿಯಲ್ಲಿ ಬೇರೆ ಸಂಖ್ಯೆಗಳನ್ನು ಇಟ್ಟು ಪರೀಕ್ಷಿಸಿದೆ. ರಜೆಗೆ ಮೊದಲೇ ಮಾಡಬಹುದಿತ್ತು. ಆದರೆ ಪಾಠದ ಬಿಸಿಯಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತದೆ. ಮೂರು ವಾರ ಬಿಟ್ಟು ಉಳಿದದ್ದೆಷ್ಟು ಎಂಬುದು ನನಗೆ ಬೇಕಿತ್ತು. ಅಂಕಿ ಅದಲುಬದಲು ಮಾಡುವವರು 11ರಿಂದ 3ಕ್ಕೆ ಇಳಿದಿದ್ದರು. ಆ ಮೂವರಲ್ಲಿ ಒಬ್ಬಳ ತಪ್ಪು ಹೋಗಿರಲಿಲ್ಲ, ಆದರೆ ಬರೆದಾದ ಮೇಲೆ ತಾನೇ ಓದಿ ನೋಡಿ ಒರೆಸಿ ತಿದ್ದುತ್ತಿದ್ದಳು. ಅದನ್ನು ತಪ್ಪಿನ ಕಾಲಮಿನಲ್ಲಿ ಹಾಕಲು ಮನಸ್ಸು ಬರದೆ ಹೊಸ ಕಾಲಮು ಮಾಡಿದೆ. ಉಳಿದಿಬ್ಬರಿಗೆ ಏನಾಗುತ್ತಿದೆ ಎಂಬುದು ಈ ವಿವರಣೆಗೆ ಸಿಗುವುದಿಲ್ಲ. ಅವರ ಜೊತೆ ಚೀಟಿಗಳ ಕೆಲಸ ನಡೆದೇ ಇದೆ. 19 ಮಕ್ಕಳ ಒಂದು ತರಗತಿಯಲ್ಲಿ ಕಂಡದ್ದನ್ನು ಜಿಲ್ಲೆಯ ಎಲ್ಲ ಶಾಲೆಗಳಿಗೆ ಅನ್ವಯಿಸಲು ನಾನು ಹೊರಟಿಲ್ಲ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮೂಹ ಮಟ್ಟದ ಸಮಾಲೋಚನಾ ಸಭೆಯಲ್ಲಿ ಇದನ್ನು ಹತ್ತು ನಿಮಿಷ ಹೇಳಲು ಅವಕಾಶ ಸಿಕ್ಕಿತು. ವರದಿ ಓದಲಿಲ್ಲ, ಚೀಟಿಗಳನ್ನು ಹಂಚಿ ಎಲ್ಲರಿಂದಲೂ ಮಾಡಿಸಿದೆ. ಮನೆಮಾತು ಉರ್ದು ಇರುವ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕಿಯೊಬ್ಬರು ತಡೆಯಲಾರದೆ ಎದ್ದು ನಿಂತರು. ಉರ್ದು, ಹಿಂದಿ, ಮರಾಠಿಗಳಲ್ಲೂ ಬಿಡಿಯೇ ಮೊದಲು, ತಮ್ಮ ತರಗತಿಯ ತಪ್ಪುಗಳೂ ಇವೇ ಎಂದರು. ಒಬ್ಬರು, ಇದೆಲ್ಲ ವಿಶ್ವವಿದ್ಯಾಲಯದವರು ಮಾಡುವ ಕೆಲಸ, ನಮಗೆ ದಾಖಲೆ ತುಂಬಿಸಿ ಮುಗಿದರೆ ಸಾಕಾಗಿದೆ ಎಂದರು. ದಾಖಲೆಗಳ ಭಾರ ನಿಜ, ಅವರ ಬೇಸರವೂ ನಿಜ. ಆದರೆ ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಡೆಯುವ, ಚಟುವಟಿಕೆಯ ಕಾರ್ಡುಗಳಿಂದ ಕಲಿಸುವ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಅದನ್ನು ಕಟ್ಟಿದವರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಮುಂದಿದ್ದರು. ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಾವೇ ಬರೆದರು. ಜಗಲಿಯಲ್ಲಿ ಮಗುವಿನ ಬೆನ್ನ ಹಿಂದೆ ನಿಂತು ಅದರ ಕೈ ನೋಡುವ ಅವಕಾಶ ದಿನವೂ ಇರುವುದು ನಮಗೆ.

ಈ ವರ್ಷದ ಪಟ್ಟಿಯ ಮೊದಲ ಪುಟದಲ್ಲಿ ಗಡಿಯಾರವಿದೆ. ಮೂರೂಮುಕ್ಕಾಲು ಗಂಟೆಗೆ ಮುಳ್ಳು ಇಡಿ ಎಂದರೆ ಆರು ಮಕ್ಕಳು ಚಿಕ್ಕ ಮುಳ್ಳನ್ನು ನಾಲ್ಕು ದಾಟಿಸಿ ಇಡುತ್ತಾರೆ. ಮೂರೂಮುಕ್ಕಾಲಿಗೆ ಮನೆಯಲ್ಲಿ ಏನೆನ್ನುತ್ತೀರಿ ಎಂದು ಈ ಸಲ ಮೊದಲ ದಿನವೇ ಕೇಳಿದೆ. ‘ಪಾವಣೇ ಚಾರ್’ ಎಂದರು. ನಾಲ್ಕಕ್ಕೆ ಕಾಲು ಕಡಿಮೆ. ನಾಳೆ ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು, ಯಾವ ಮುಳ್ಳನ್ನು ಮೊದಲು ಮುಟ್ಟುತ್ತಾರೆ ಎಂದು ನೋಡಬೇಕು.